ಕೂಸಿನ ಸೂಜಿ ಬಗ್ಗೆ ಮನಿ ಮಂದಿ ಜೋಡಿ ಹೆಂಗ ಮಾತಾಡ್ಬೇಕು: ಆಶಾ ಅಕ್ಕಂದಿರಿಗೆ, ಸಿಸ್ಟರ್‌ಗಳಿಗೆ

ಟ್ರೇನಿಂಗ್‌ನಾಗ ನಮಗ ಎಲ್ಲಾ ಹೇಳಿಕೊಡ್ತಾರ, ಯಾವ ಸೂಜಿ ಯಾವ ತೊಡಿಗೆ, ಎಷ್ಟು ಎಂಎಲ್, ಐಸ್‌ಪ್ಯಾಕ್ ಹೆಂಗ ಜೋಡ್ಸಬೇಕು, ವಯಲ್ (ಲಸಿಕೆ ಬಾಟ್ಲಿ) ಮ್ಯಾಲಿನ ವಿವಿಎಂ, ಅಂದ್ರ ಬಿಸಿಗೆ ಲಸಿಕೆ ಕೆಟ್ಟೈತೋ ಇಲ್ಲೋ ತೋರ್ಸೋ ಗುರುತು, ಹೆಂಗ ನೋಡ್ಬೇಕು. ಆದ್ರ ಬಾಗಲದಾಗ ನಿಂತಾಗ ಒಳಗಿಂದ ಅತ್ತಿ "ನಮ್ ಕೂಸಿಗೆ ಬ್ಯಾಡ ಹೋಗವ್ವ" ಅಂದ್ರ ಮುಂದ ಏನ್ ಮಾತಾಡ್ಬೇಕು ಅನ್ನೋದು ಬಹಳ ಮಂದಿ ತಾವಾ ಬಿದ್ದು ಎದ್ದು ಕಲ್ತದ್ದು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹೊಸದಾಗಿ ಕೆಲ್ಸಕ್ಕ ಸೇರಿದವ್ರಿಗೆ ಅಂತ ಇದನ್ನ ಬರ್ಯಾಕತ್ತೀನಿ, ಹಳಬ್ರು ಓದಿದ್ರೂ ಛಲೋನ.

ಮೊದ್ಲು ಒಂದು ಮಾತು. ನಮ್ಮ ಕಡೆ ಲಸಿಕೆನ ಬ್ಯಾಡ ಅಂತ ಹಠ ಹಿಡಿಯೋ ಮನಿ ಬಹಳ ಕಡಿಮಿ. ಇರೋದು ಹೆದರಿಕಿ, ಅದರಾಗೂ ಸೂಜಿ ಹಾಕ್ಸಿದ ರಾತ್ರಿ ಕೂಸಿಗೆ ಬರೋ ಜ್ವರದ ಹೆದರಿಕಿ. ಆ ಜ್ವರದ ಸುದ್ದಿ ಸೂಜಿಗಿಂತ ಮುಂಚೆ ನಿಮ್ಮ ಬಾಯಿಂದ ಬಂದಿದ್ರ ಅವತ್ತು ರಾತ್ರಿ ಆ ಮನ್ಯಾಗ "ಸಿಸ್ಟರ್ ಹೇಳಿದ್ರಲ್ಲ, ಬರ್ತೈತಿ ಅಂತ" ಅಂತಾರ, ನೀವು ಮೊದ್ಲಾ ಹೇಳಿರ್ಲಿಲ್ಲಂದ್ರ "ಏನೋ ತಪ್ಪು ಸೂಜಿ ಮಾಡ್ಯಾರ" ಅಂತ ಬೆಳಗ್ಗೆ ಹೊತ್ತಿಗೆ ಇಡೀ ಓಣಿಗೆ ಗೊತ್ತಾಗಿರ್ತೈತಿ. ಕೆಳಗ ಹೇಳೋದ್ರಾಗ ಅರ್ಧಕ್ಕಿಂತ ಹೆಚ್ಚು ಇದರ ಸುತ್ತಾನ ಬರ್ತೈತಿ.

ಹೋಗೋಕ್ಕಿಂತ ಮುಂಚೆ

ಡ್ಯೂ ಲಿಸ್ಟ್ ನೋಡಿ ಯಾವ ಕೂಸಿಗೆ ಯಾವ ಡೋಸ್ ಅಂತ ತಿಳ್ಕೊಂಡು ಹೋಗ್ರಿ, ಇದು ಎಲ್ಲಾರ್ಗೂ ಗೊತ್ತು. ಅದರ ಜೋಡಿ ಆ ಮನ್ಯಾಗ ತೀರ್ಮಾನ ಯಾರದ್ದು ಅಂತಾನೂ ತಿಳ್ಕೊಳ್ರಿ. ಬಾಣಂತಿ ಹೂಂ ಅಂತಾಳ, ಆದ್ರ ಅತ್ತಿ ಮಾತು ದಾಟೋದಿಲ್ಲ, ಗಂಡ ಬೆಂಗಳೂರಾಗ ಕೆಲ್ಸಕ್ಕ ಹೋಗಿರ್ತಾನ, ಫೋನ್‌ನಾಗ ಒಂದು ಮಾತು "ಬ್ಯಾಡ" ಅಂದ್ರ ಮುಗೀತು. ಹಂಗಾಗಿ ಒಬ್ಬಾಕಿನ್ನ ಮೂಲಿಗೆ ಕರ್ದು ಹೇಳೋದ್ಕಿಂತ ಅತ್ತಿನ್ನೂ ಕರ್ದು ಕುಂದ್ರಿಸ್ಕೊಂಡು ಇಬ್ಬರಿಗೂ ಹೇಳ್ರಿ, ಗಂಡ ಊರಾಗ ಇಲ್ಲಂದ್ರ ಅವರ ಫೋನ್‌ನಿಂದಾನ ಸ್ಪೀಕರ್ ಹಾಕಿ "ಅಣ್ಣಾ, ನಾನು ಊರಿನ ಆಶಾ ಮಾತಾಡೋದು" ಅಂತ ಎರಡು ನಿಮಿಷ ಮಾತಾಡ್ರಿ.

ಟೈಮ್ ಬಹಳ ಮುಖ್ಯ. ಹತ್ತಿ ಬಿಡ್ಸೋ ಟೈಮು, ಮೆಣಸಿನಕಾಯಿ ಟೈಮು, ಭತ್ತದ ನಾಟಿ ಟೈಮ್‌ನಾಗ ಹನ್ನೊಂದು ಗಂಟೆಗೆ ಹೋದ್ರ ಮನ್ಯಾಗ ಮುದುಕ್ರು ಬಿಟ್ರ ಯಾರೂ ಸಿಗಂಗಿಲ್ಲ. ಬೆಳಗ್ಗೆ ಬುತ್ತಿ ಕಟ್ಟೋ ಮುಂಚೆ ಇಲ್ಲಾ ಸಂಜಿಕಡೆ ದೀಪ ಹಚ್ಚೋ ಹೊತ್ತಿಗೆ ಹೋಗ್ರಿ. ತಾಂಡಾಕ್ಕ ಹೋಗ್ತಿದ್ರ ಲಂಬಾಣಿ ಮಾತಾಡೋ ಒಬ್ಬ ಹಿರೇ ಹೆಣ್ಮಗಳ್ನ, ಸಿಂಧನೂರು, ಸಿರುಗುಪ್ಪ ಕಡೆ ಕ್ಯಾಂಪ್‌ಗಳಿಗೆ ಹೋಗ್ತಿದ್ರ ತೆಲುಗು ಬರೋರ್ನ, ಉರ್ದು ಮಾತಾಡೋ ಓಣಿಗೆ ಅದೇ ಓಣಿಯ ಯಾರನ್ನಾರ ಜೋಡಿ ಕರ್ಕೊಂಡು ಹೋಗ್ರಿ. ಹೆದರಿಕಿ ಇದ್ದವ್ರು ತಮ್ಮ ಮನಿ ಭಾಷೆದಾಗ ಕೇಳಿದ್ರನ ನಂಬ್ತಾರ.

ಇನ್ನೊಂದು, ಇದು ನಮ್ಮ ಕಡೆ ಬಹಳ ಆಗೋದು. ಚೊಚ್ಚಲ ಹೆರಿಗಿ ತವರಮನ್ಯಾಗ, ಆಮ್ಯಾಲ ಮೂರೋ ಐದೋ ತಿಂಗಳು ಅಲ್ಲೇ ಬಾಣಂತನ. ಅಂದ್ರ 6, 10, 14 ವಾರದ ಸೂಜಿ ಎಲ್ಲಾ ತವರಿನ ಊರಾಗ ಬರ್ತಾವ, ಆದ್ರ ಹೆಸರು ಗಂಡನ ಊರಿನ ಲಿಸ್ಟ್‌ನಾಗ ಇರ್ತೈತಿ. ಇಲ್ಲಿನಾಕಿ ಅಲ್ಲಿ ಹಾಕ್ಸಿರ್ತಾರ ಅಂತ, ಅಲ್ಲಿನಾಕಿ ಇಲ್ಲಿ ಹಾಕ್ಸಿರ್ತಾರ ಅಂತ ಸುಮ್ನಿರೋದು, ನಡುವ ಕೂಸಿಗೆ ಯಾವ್ದೂ ಇಲ್ಲ. ತವರಿಗೆ ಹೋಗೋಕ್ಕಿಂತ ಮುಂಚೆನ ಆ ಊರಿನ ಆಶಾ ನಂಬರ್ ಹುಡ್ಕಿ ತಾಯಿ ಕಾರ್ಡ್ (ಕೂಸಿನ ಸೂಜಿ ಲೆಕ್ಕ ಬರಿಯೋ ಕಾರ್ಡ್) ಹಿಂದ ಬರ್ದು ಕೊಡ್ರಿ, ನೀವೂ ಒಂದು ಫೋನ್ ಹಚ್ರಿ.

ಮಾತು ಶುರು ಮಾಡೋದು

"ಸೂಜಿ ಹಾಕ್ಸ್ತೀರೇನ್ರಿ?" ಅಂತ ಕೇಳ್ಬ್ಯಾಡ್ರಿ. ಹಂಗ ಕೇಳಿದ್ರ ಇಲ್ಲ ಅನ್ನೋಕ ನೀವಾ ದಾರಿ ಮಾಡಿಕೊಟ್ಟಂಗ. "ಯವ್ವಾ, ಕೂಸಿಗೆ ಗುರುವಾರಕ್ಕ ಒಂದೂವರಿ ತಿಂಗಳಾಗ್ತೈತಿ, ಅವತ್ತು ಅಂಗನವಾಡ್ಯಾಗ ಸೂಜಿ ಐತಿ, ಹತ್ತು ಗಂಟೆಕ್ಕ ತಾಯಿ ಕಾರ್ಡ್ ತಗೊಂಡು ಬರ್ರಿ" ಅಂತ ನೇರ ಹೇಳ್ರಿ. ಹತ್ತರಾಗ ಎಂಟು ಮನ್ಯಾಗ ಇಷ್ಟಕ್ಕ ಮಾತು ಮುಗೀತೈತಿ, "ಆತ್ರಿ ಬರ್ತೀವಿ" ಅಂತಾರ. ಅಂಥ ಮನ್ಯಾಗ ಕುಂತು ರೋಗದ ಭಾಷಣ ಮಾಡಿ ಇಲ್ಲದ ಹೆದರಿಕಿ ಹುಟ್ಟಿಸಬ್ಯಾಡ್ರಿ, ಜ್ವರದ ಸುದ್ದಿ ಒಂದು ಹೇಳಿ ಮುಂದಿನ ಮನಿಗೆ ಹೋಗ್ರಿ.

ಒಳಗ ಹೋದ ಕೂಡ್ಲೆ ರಿಜಿಸ್ಟರ್ ತೆಗಿಬ್ಯಾಡ್ರಿ. ಕೂಸು ಹಾಲು ಕುಡಿತೈತೇನು, ರಾತ್ರಿ ನಿದ್ದಿ ಮಾಡ್ತೈತೇನು, ಬಾಣಂತಿ ಊಟ ಹೆಂಗ, ಅದನ್ನ ಕೇಳ್ರಿ. ಮತ್ತ ಸುಳ್ಳು ಧಮ್ಕಿ ಯಾವತ್ತೂ ಬ್ಯಾಡ, ಸೂಜಿ ಹಾಕ್ಸ್ಲಿಲ್ಲಂದ್ರ ರೇಷನ್ ಕಾರ್ಡ್ ಕಟ್ ಆಗ್ತೈತಿ, ಮುಂದ ಸಾಲಿಗೆ ಸೇರ್ಸ್ಕೊಳಂಗಿಲ್ಲ ಅಂತ ಹೇಳೋರನ್ನ ಕೇಳೀನಿ, ಹಂಗಂದ್ರ ಒಂದ್ಸಲ ಬರ್ತಾರ, ಆಮ್ಯಾಲ ನಿಮ್ಮನ್ನ ನೋಡಿದ್ರ ಬಾಗಲಾ ಹಾಕ್ಕೊಳ್ತಾರ.

ಬ್ಯಾಡ ಅಂದ್ರ

ಇಲ್ಲಿ ಬಹಳ ಮಂದಿ ಗಡಿಬಿಡಿ ಮಾಡ್ತಾರ, ಬ್ಯಾಡ ಅಂದ ಕೂಡ್ಲೆ ಉತ್ತರ ಕೊಡಾಕ ಶುರು ಮಾಡ್ತಾರ, ಇನ್ನ ಕಾರಣಾನ ಕೇಳಿರಂಗಿಲ್ಲ. ಮೊದ್ಲು "ಯಾಕಬೇ ಯವ್ವಾ, ಏನಾರ ಮನಸಿನ್ಯಾಗ ಐತೇನು?" ಅಂತ ಕೇಳಿ ಸುಮ್ನ ಕುಂದ್ರಿ. ನಡುವ ಬಾಯಿ ಹಾಕಬ್ಯಾಡ್ರಿ. ಅವ್ರು ಹೇಳಿ ಮುಗಿಸಿದ ಮ್ಯಾಲ ಅದನ್ನ ಒಪ್ಕೊಳ್ರಿ, "ಹೌದವ್ವ, ಹೋದ್ಸಲ ರಾತ್ರೆಲ್ಲಾ ಅತ್ತಿದ್ರ ನಿಮಗ ಹೆದರಿಕಿ ಆಗೋದು ಸಹಜಾನ" ಅಂತ. ಆಮ್ಯಾಲ "ನನಗ ಗೊತ್ತಿದ್ದದ್ದು ಹೇಳ್ಲೇನು?" ಅಂತ ಕೇಳಿ ಹೇಳ್ರಿ. ಹಿಂಗ ಕೇಳಿದ್ರ ಬ್ಯಾಡ ಅನ್ನೋರು ಇಲ್ಲ ಅಂತಾನ ಹೇಳ್ಬೇಕು.

ಕಾರಣ ಮನಿಗೊಂದು ಇರ್ತಾವ, ನಾವು ಹೆಚ್ಚು ಕೇಳೋವು ಇವು.

"ಛಲೋ ಅದಾನ ಕೂಸು, ಯಾಕ ಸೂಜಿ?" ಹೊಲ ಮಾಡೋ ಮನಿ ಆದ್ರ ಬೀಜೋಪಚಾರದ ಮಾತು ಎತ್ರಿ. ಬಿತ್ತೋ ಮುಂಚೆ ಬೀಜಕ್ಕ ಔಷಧ ಹಚ್ತೀವಿ, ರೋಗ ಬಂದ ಮ್ಯಾಲ ಹಚ್ಚಂಗಿಲ್ಲ, ಕೂಸಿಗೂ ಹಂಗ. ಮಾವ, ಅಜ್ಜ ಇದ್ರ ತಟ್ನ ತಿಳಿತೈತಿ.

"ಪೋಲಿಯೊ ಹನಿ ಹಾಕ್ಸೀವಲ್ಲ, ಮತ್ತೇನು?" ಹನಿ ಒಂದು ರೋಗಕ್ಕ ಅಷ್ಟ. ಒಂದೂವರಿ ತಿಂಗಳಿಗೆ ಕೊಡೋ ಪೆಂಟಾ ಒಂದ್ರಾಗನ ಐದು ರೋಗಕ್ಕ ರಕ್ಷಣೆ ಐತಿ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲಿ ತರೋ ಹೆಪಟೈಟಿಸ್ ಬಿ, ಮತ್ತ ಹಿಬ್ ಅನ್ನೋ ಕ್ರಿಮಿಯಿಂದ ಬರೋ ನ್ಯುಮೋನಿಯಾ, ಮೆದುಳು ಪೊರೆಯ ಜ್ವರ. ಐದರ ಹೆಸರೂ ಹೇಳಬ್ಯಾಡ್ರಿ, ನಾಯಿಕೆಮ್ಮು, ಗಂಟಲಮಾರಿ ಅಂದ್ರ ಸಾಕು, ಹಿರೇರು ಅವನ್ನ ಕಣ್ಣಾರೆ ಕಂಡೋರು, ಅವ್ರನ್ನಾ ಸೊಸಿಗೆ ಹೇಳಾಕ ಬಿಡ್ರಿ.

"ನಮ್ ಕಾಲಕ್ಕ ಇಷ್ಟೆಲ್ಲಾ ಎಲ್ಲಿದ್ವು?" ಖರೇನ, ಇರ್ಲಿಲ್ಲ. ದಡಾರ-ರುಬೆಲ್ಲಾ ಸೂಜಿ ಕರ್ನಾಟಕದಾಗ ಶುರುವಾಗಿದ್ದು 2017ರಾಗ, ನ್ಯುಮೋನಿಯಾ ತಡಿಯೋ ಪಿಸಿವಿ ದೇಶದ ಎಲ್ಲಾ ಕಡೆ ಪುಕ್ಕಟೆ ಸಿಗಾಕ ಹತ್ತಿದ್ದು 2021ರಾಗ. ಅದೇ ಪಿಸಿವಿಗೆ ಪ್ರೈವೇಟ್‌ನಾಗ ಸಾವಿರಾರು ರೂಪಾಯಿ ಅಂತ ಹೇಳ್ರಿ, ಪುಕ್ಕಟೆ ಅಂದ್ರ ಹಗೂರ ಮಾಲು ಅಂದ್ಕೊಂಡಿರೋ ಅಪ್ಪಂದಿರಿಗೆ ಈ ಮಾತು ಮುಟ್ತೈತಿ.

"ಒಂದೇ ದಿನ ಇಷ್ಟು ಚುಚ್ತೀರಿ." 6 ವಾರಕ್ಕ ಮತ್ತ 14 ವಾರಕ್ಕ ಮೂರು ಸೂಜಿ ಇರ್ತಾವ, ಪೆಂಟಾ ಎಡ ತೊಡಿಗೆ, ಪಿಸಿವಿ ಬಲ ತೊಡಿಗೆ, ಪೋಲಿಯೊ ಸೂಜಿ ಬಲ ತೋಳಿನ ಚರ್ಮಕ್ಕ, ಜೋಡಿ ಪೋಲಿಯೊ ಹನಿ, ಭೇದಿ ತಡಿಯೋ ರೋಟಾ ಲಸಿಕೆ ಬಾಯಾಗ. 10 ವಾರಕ್ಕ ಪೆಂಟಾ ಒಂದ ಸೂಜಿ. ಮೊದ್ಲೇ ಮೂರು ಅಂತ ಹೇಳಿಬಿಡ್ರಿ, ಇಲ್ಲಂದ್ರ ಅಲ್ಲಿ ಬಂದ ಮ್ಯಾಲ ಎರಡನೇದು ತೆಗ್ದಾಗ ಅವ್ವ ಗಾಬರಿ ಆಗ್ತಾಳ. ಕೂಡೇ ಕೊಟ್ರ ಕೂಸಿನ ಶಕ್ತಿಗೆ ಹೊರಿ ಆಗಂಗಿಲ್ಲ, ಬ್ಯಾರೆ ಬ್ಯಾರೆ ದಿನ ಮಾಡಿದ್ರ ಕೂಸು ಮೂರು ಸಲ ಅಳ್ತೈತಿ, ನಿಮ್ಮ ಕೂಲಿ ಮೂರು ದಿನ ಹೋಗ್ತೈತಿ, ಅಷ್ಟು ದಿನ ರಕ್ಷಣೆನೂ ಇರಂಗಿಲ್ಲ ಅಂತ ಹೇಳ್ರಿ.

"ಮುಂದ ಮಕ್ಕಳಾಗಂಗಿಲ್ಲಂತ." ಇದು ವಾಟ್ಸಾಪ್‌ನಾಗ ತಿರುಗ್ತಾ ಇರ್ತೈತಿ. ಸಿಟ್ಟಾಗಬ್ಯಾಡ್ರಿ. ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಾಗ, ಆಗಲೂ ಇದೇ ಮಾತು ಇತ್ತು, ಅವತ್ತು ಹನಿ ಕುಡಿದ ಕೂಸುಗಳು ಈಗ ಇದೇ ಓಣ್ಯಾಗ ತಮ್ಮ ಕೂಸು ಎತ್ಕೊಂಡು ನಿಂತಾರ, ಬೇಕಾದ್ರ ಹೆಸರು ಹಿಡಿದು ತೋರ್ಸ್ರಿ. 2011ರ ಜನವರಿ ಆದ ಮ್ಯಾಲ ದೇಶದಾಗ ಕಾಡು ಪೋಲಿಯೊ (ವೈಲ್ಡ್ ವೈರಸ್) ಕೇಸ್ ಇಲ್ಲ, 2014ರಾಗ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಬಂತು.

"ನೆಗಡಿ ಐತಿ, ಮುಂದಿನ ವಾರ ನೋಡೋಣು." ಸಣ್ಣ ನೆಗಡಿ, ಕೆಮ್ಮು, ಮೈ ಸ್ವಲ್ಪ ಬೆಚ್ಚಗ, ಎರಡು ಸಲ ಭೇದಿ, ಇವುಕ್ಕೆಲ್ಲ ಸೂಜಿ ನಿಲ್ಸೋದು ಬೇಕಿಲ್ಲ. ಜೋರು ಜ್ವರ, ಹಾಲು ಕುಡಿಯಂಗಿಲ್ಲ, ಮಂಕಾಗೈತಿ ಅಂದ್ರ ಮೊದ್ಲು ಡಾಕ್ಟರ್‌ಗೆ ತೋರ್ಸ್ರಿ. ಅಮಾಸಿ ಅಂತ ಹೊರಗ ತರಂಗಿಲ್ಲ ಅಂದ್ರ ಜಗಳ ಬ್ಯಾಡ, ಮರುದಿನ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ) ಯಾವಾಗ ಬರ್ತೀರಿ ಅಂತ ದಿನ ಗಟ್ಟಿ ಮಾಡ್ಕೊಂಡು ಬರ್ರಿ.

"ಅಮ್ಮ ಬಂದಾಳ." ಮೈಮ್ಯಾಲ ಗುಳ್ಳಿ ಎದ್ದು ಜ್ವರ ಬಂದ್ರ ಹಿರೇರು ಹಿಂಗಂತಾರ, ದಡಾರಕ್ಕ ಕೆಲವು ಕಡೆ ಗೊಬ್ಬರ ಅಂತಾರ. ಬೇವಿನ ಸೊಪ್ಪು ಕಟ್ಲಿ, ಹುಲಿಗೆಮ್ಮಗ ಹರಕಿ ಹೊರ್ಲಿ, ಅದ್ರಾಗ ನಮ್ಮದೇನೂ ತಕರಾರಿಲ್ಲ, ಅದರ ಜೋಡಿ ಡಾಕ್ಟರ್‌ಗೆ ತೋರ್ಸೋದು, ವಿಟಮಿನ್ ಎ ಕೊಡ್ಸೋದು ಆಗ್ಲಿ. ನೀವು ಆವತ್ತಾ ಮೆಡಿಕಲ್ ಆಫೀಸರ್‌ಗೆ ತಿಳಿಸ್ರಿ, ಜ್ವರದ ಜೋಡಿ ಗುಳ್ಳಿ ಎದ್ದ ಒಂದು ಕೂಸು ಇದ್ರೂ ವರದಿ ಹೋಗ್ಬೇಕು.

ಒಂಬತ್ತು ತಿಂಗಳ ಸೂಜಿ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ತೀನಿ

14 ವಾರ ಆದ ಮ್ಯಾಲ ಐದಾರು ತಿಂಗಳು ಸೂಜಿ ಇರಂಗಿಲ್ಲ, ಆ ಗ್ಯಾಪ್‌ನಾಗ ಮಂದಿ ಮರೀತಾರ, ಊರು ಬಿಡ್ತಾರ, ಎಲ್ಲಾ ಮುಗೀತು ಅಂದ್ಕೊಳ್ತಾರ. ಒಂಬತ್ತು ತಿಂಗಳು ತುಂಬಿದ ಕೂಡ್ಲೆ ದಡಾರ-ರುಬೆಲ್ಲಾ, ಪಿಸಿವಿ ಬೂಸ್ಟರ್, ಮೂರನೇ ಪೋಲಿಯೊ ಸೂಜಿ, ವಿಟಮಿನ್ ಎ ಬಾಯಾಗ. ನಮ್ಮ ಮೂರೂ ಜಿಲ್ಲೆಗೆ ಮತ್ತೊಂದು ಐತಿ, ಜೆಇ, ಅಂದ್ರ ಜಪಾನೀಸ್ ಮೆದುಳು ಜ್ವರದ ಸೂಜಿ. ಎಲ್ಲಾ ಜಿಲ್ಲೆದಾಗೂ ಇದನ್ನ ಕೊಡಂಗಿಲ್ಲ, ಅದಕ್ಕ "ನಮ್ ತಂಗಿ ಊರಾಗ ಇದಿಲ್ಲ, ನೀವ್ಯಾಕ ಹಾಕ್ತೀರಿ" ಅಂತ ಪ್ರಶ್ನಿ ಬರ್ತೈತಿ.

ಉತ್ತರ ನಮ್ಮ ಗದ್ದ್ಯಾಗ ಐತಿ. ತುಂಗಭದ್ರಾ ಕಾಲುವಿ ನೀರು ಬಂದ ಮ್ಯಾಲ ಗಂಗಾವತಿ, ಕಾರಟಗಿ, ಸಿಂಧನೂರು, ಈ ಕಡೆ ಕಂಪ್ಲಿ, ಸಿರುಗುಪ್ಪ, ಎಲ್ಲಿ ನೋಡಿದ್ರೂ ಭತ್ತ. ನಿಂತ ಗದ್ದಿ ನೀರಾಗ ಕ್ಯೂಲೆಕ್ಸ್ ಸೊಳ್ಳಿ ಬೆಳಿತಾವ, ಆ ವೈರಸ್ ಕೊಕ್ಕರೆ ಜಾತಿ ಹಕ್ಕಿ ಮತ್ತ ಹಂದಿ ಮೈಯಾಗ ಇರ್ತೈತಿ, ಸೊಳ್ಳಿ ಅಲ್ಲಿಂದ ಮಕ್ಕಳಿಗೆ ತರ್ತೈತಿ. ಬಂದ್ರ ಅದನ್ನ ಕೊಲ್ಲೋ ಔಷಧ ಇಲ್ಲ, ಉಳಿದ ಮಕ್ಕಳಾಗೂ ಬಹಳ ಮಂದಿಗೆ ಬುದ್ಧಿ, ಕೈಕಾಲು ಮೊದಲಿನಂಗ ಆಗಂಗಿಲ್ಲ. ಎರಡು ಡೋಸ್, ಒಂದು ಒಂಬತ್ತು ತಿಂಗಳಿಗೆ, ಇನ್ನೊಂದು 16ರಿಂದ 24 ತಿಂಗಳೊಳಗ. ನಾಟಿ ಹಚ್ಚೋ ಹೆಣ್ಮಕ್ಕಳಿಗೆ ಗದ್ದಿ ದಂಡಿಮ್ಯಾಲ ನಿಂತು ಹೇಳ್ರಿ, ಸೊಳ್ಳಿ ಕಾಟ ಅವ್ರಿಗಿಂತ ಚೊಲೋ ಯಾರಿಗೂ ಗೊತ್ತಿಲ್ಲ.

ಜ್ವರದ ಮಾತು, ಸೂಜಿಗಿಂತ ಮುಂಚೆ

ಪೆಂಟಾ ಹಾಕ್ಸಿದ ದಿನ ಸಂಜಿಕಡೆ ಮೈ ಬಿಸಿ ಆಗಬಹುದು, ಕೂಸು ಕಿರಿಕಿರಿ ಮಾಡಬಹುದು, ತೊಡಿ ಸ್ವಲ್ಪ ಬಾಯಬಹುದು, ಒಂದೆರಡು ದಿನದಾಗ ಇಳಿತೈತಿ. ಪ್ಯಾರಾಸಿಟಮಾಲ್ ಸಿಸ್ಟರ್ ಕೂಸಿನ ತೂಕ ನೋಡಿ ಹೇಳಿದಷ್ಟ ಕೊಡ್ಬೇಕು, ಅಂಗಡ್ಯಾಗ ಸಿಕ್ಕ ದೊಡ್ಡವ್ರ ಗುಳಿಗಿ ಮುರಿದು ಕೊಡೋದು ಬ್ಯಾಡ. ಬಾತ ಕಡೆ ತಣ್ಣೀರಿನ ಅರಿವಿ ಇಡಬಹುದು. ಎಣ್ಣಿ ಹಚ್ಚಿ ತಿಕ್ಕೋದು, ಸುಣ್ಣ, ಅರಿಷಿಣ ಹಚ್ಚೋದು ಬ್ಯಾಡ ಅಂತ ಅಜ್ಜಿಗೇ ನೋಡಿ ಹೇಳ್ರಿ, ಯಾಕಂದ್ರ ತಿಕ್ಕೋರು ಅವ್ರಾ.

ಹುಟ್ಟಿದಾಗ ಎಡ ತೋಳಿಗೆ ಹಾಕೋ ಬಿಸಿಜಿ (ಕ್ಷಯದ ಲಸಿಕೆ) ಬ್ಯಾರೆ ತರ. ಎರಡು ಮೂರು ವಾರ ಆದ ಮ್ಯಾಲ ಗುಳ್ಳಿ ಏಳ್ತೈತಿ, ಒಡೀತೈತಿ, ಆಮ್ಯಾಲ ಕಲಿ ಉಳೀತೈತಿ. ಮುಲಾಮು ಏನೂ ಬ್ಯಾಡ. ಇದನ್ನ ಹೇಳಿರ್ಲಿಲ್ಲಂದ್ರ "ಸೂಜಿ ಕೀವಾತು" ಅಂತ ಮುಂದಿನ ಡೋಸ್‌ಗೆ ಬರಂಗಿಲ್ಲ. ದಡಾರದ ಸೂಜಿಗೆ ಜ್ವರ ಆವತ್ತಾ ಬರಂಗಿಲ್ಲ, ಐದರಿಂದ ಹನ್ನೆರಡು ದಿನದ ನಡುವ ಸ್ವಲ್ಪ ಜ್ವರ, ಸಣ್ಣ ಗುಳ್ಳಿ ಬರಬಹುದು.

ಅಪಾಯದ್ದೂ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಮೂರು ತಾಸಿಗಿಂತ ಹೆಚ್ಚು ಸಮಾಧಾನ ಇಲ್ದ ಅಳೋದು, ಫಿಟ್ಸ್, ಉಸಿರಾಡಾಕ ತ್ರಾಸ, ಮೈ ಸಡ್ಲ ಬಿಟ್ಟು ಮಂಕಾಗೋದು, ಜ್ವರ ಇಳೀಲಾರ್ದ ಏರೋದು, ಇವು ಕಂಡ್ರ ಬೆಳಗಾಗೋತನ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ರಿ, ನನಗೂ ಹಚ್ರಿ ಅಂತ ನಂಬರ್ ಕೊಡ್ರಿ. ಇದು ಹೇಳಿದ್ರ ಹೆದರ್ತಾರ ಅಂತ ಕೆಲವ್ರು ಬಿಡ್ತಾರ. ಸಾಮಾನ್ಯ ಜ್ವರ ಯಾವ್ದು, ಓಡಬೇಕಾದದ್ದು ಯಾವ್ದು ಅಂತ ಗೊತ್ತಿದ್ದ ಅವ್ವ ಕಡಿಮಿನ ಹೆದರ್ತಾಳ.

"ಪ್ರೈವೇಟ್‌ನಾಗ ನೋವಿಲ್ಲದ ಸೂಜಿ ಐತಂತಲ್ಲ" ಅಂದ್ರ ಇದ್ದದ್ದು ಇದ್ದಂಗ ಹೇಳ್ರಿ: ಅದರಾಗ ಜ್ವರ, ಬಾವು ಕಡಿಮಿ, ನಮ್ಮದ್ರಾಗ ಸ್ವಲ್ಪ ಹೆಚ್ಚು, ಆದ್ರ ನಾಯಿಕೆಮ್ಮಿಗೆ ನಮ್ಮದರ ರಕ್ಷಣೆ ಗಟ್ಟಿ.

ಸೂಜಿ ದಿನ

ಅವ್ವ ಕೂಸನ್ನ ಎತ್ತಿ ಎದಿಗೆ ಒತ್ಕೊಂಡು ಕುಂದ್ರಲಿ, ಮಲಗಿಸಿ ಕೈಕಾಲು ಒತ್ತಿ ಹಿಡಿಯೋದು ಬ್ಯಾಡ. ಬಾಯಾಗಿನ ಹನಿ ಮೊದ್ಲು, ಸೂಜಿ ಆಮ್ಯಾಲ. ಎದಿಹಾಲು ಕುಡಿಸ್ತಾ ಇದ್ದಾಗಾನ ಸೂಜಿ ಹಾಕಿದ್ರ ನೋವು ಕಡಿಮಿ ಆಗ್ತೈತಿ, ವಿಶ್ವ ಆರೋಗ್ಯ ಸಂಸ್ಥೆನೂ 2015ರಾಗ ಇದನ್ನ ಹೇಳೈತಿ. ಹನಿ ಹಾಕಿದ ಮ್ಯಾಲ ಅರ್ಧ ತಾಸು ಹಾಲು ಕುಡಿಸ್ಬಾರ್ದು ಅನ್ನೋ ನಂಬಿಕಿ ಇನ್ನೂ ಐತಿ, ಅದು ಬೇಕಿಲ್ಲ. ಸೀರಿ ಸೆರಗು ಮರೆ ಮಾಡ್ಕೊಂಡು ಕುಂದ್ರಾಕ ಒಂದು ಜಾಗ ಮಾಡಿಕೊಡ್ರಿ, ಅಂಗನವಾಡ್ಯಾಗ ಗಂಡಸ್ರು ಬಾಗಲದಾಗ ನಿಂತಿದ್ರ ಯಾವ ಅವ್ವನೂ ಹಾಲು ಕುಡಿಸಂಗಿಲ್ಲ.

ಹೋಗೋ ಮುಂಚೆ ನಾಲ್ಕು ಮಾತು: ಇವತ್ತು ಯಾವ ಸೂಜಿ, ಯಾವ ರೋಗಕ್ಕ; ಏನಾಗಬಹುದು, ಆದ್ರ ಏನು ಮಾಡ್ಬೇಕು; ಮುಂದ ಯಾವಾಗ ಬರ್ಬೇಕು; ತಾಯಿ ಕಾರ್ಡ್ ಜ್ವಾಪಾನ, ಬರೋವಾಗ ತರ್ಬೇಕು. ತಾರೀಖು ಹೇಳಿದ್ರ ಮರೀತಾರ, "ನಾಲ್ಕು ವಾರ ಬಿಟ್ಟು ಗುರುವಾರ" ಅಂತ ಹೇಳಿ ಕಾರ್ಡ್‌ನಾಗೂ ಬರೀರಿ. ಅರ್ಧ ತಾಸು ಅಲ್ಲೇ ಕುಂದ್ರಿಸ್ರಿ. ಆ ಅರ್ಧ ತಾಸಿನ್ಯಾಗ "ಮನಿಗೆ ಹೋದ ಮ್ಯಾಲ ಜ್ವರ ಬಂದ್ರ ಏನ್ ಮಾಡ್ತಿ ತಂಗಿ, ನನಗ ಹೇಳು ನೋಡೋಣ" ಅಂತ ಅವ್ವನ ಬಾಯಿಂದಾನ ಕೇಳಿಸ್ಕೊಳ್ರಿ.

ಸಿಸ್ಟರ್‌ಗಳಿಗೆ ಒಂದು ಮಾತು, ಬಿಸಿಜಿ, ದಡಾರ-ರುಬೆಲ್ಲಾ ವಯಲ್ ಕಲಸಿದ ಮ್ಯಾಲ ನಾಲ್ಕು ತಾಸಿನ್ಯಾಗ ಮುಗಿಸ್ಬೇಕು ಅಂತ "ಇನ್ನೂ ನಾಲ್ಕು ಕೂಸು ಬರ್ಲಿ" ಅಂತ ಕಾಯಿಸಿ ವಾಪಸ್ ಕಳಿಸಬ್ಯಾಡ್ರಿ. ಒಂದು ಕೂಸಿದ್ರೂ ವಯಲ್ ಒಡೀಬೇಕು ಅಂತಾನ ನಿಯಮ ಐತಿ. ಕೂಲಿ ಬಿಟ್ಟು ಬಂದಾಕಿ ಬರಿಗೈಯಾಗ ಹೋದ್ರ ಎರಡನೇ ಸಲ ಕರೆಯೋದು ಬಹಳ ಕಷ್ಟ.

ಮರುದಿನ ಹೋಗ್ರಿ

ಎಲ್ಲಾ ಮನಿಗೂ ಆಗ್ಲಿಲ್ಲಂದ್ರ ಮೊದಲ್ನೇ ಪೆಂಟಾ ಹಾಕ್ಸಿದ ಮನಿಗೆ, ಹೆದರಿದ ಮನಿಗೆ ಹೋಗ್ರಿ, ಅದೂ ಆಗ್ಲಿಲ್ಲಂದ್ರ ಫೋನ್. "ಹೆಂಗದಾನ ಕೂಸು, ರಾತ್ರಿ ಮೈ ಬಿಸಿ ಆಗಿತ್ತೇನು?" ಅಷ್ಟ. ನಿನ್ನೆ ಸೂಜಿ ಹಾಕ್ಸಿ ಇವತ್ತು ಕಾಣದ ಆಶಾಗೂ, ಇವತ್ತು ಬಂದು ಹಣಿ ಮುಟ್ಟಿ ನೋಡಿದ ಆಶಾಗೂ ಮುಂದಿನ ತಿಂಗಳು ಆ ಮನಿ ಕೊಡೋ ಉತ್ತರ ಬ್ಯಾರೆನ ಇರ್ತೈತಿ.

ದೊಡ್ಡದೇನಾರ ಆಗಿದ್ರ, ಕೂಸನ್ನ ಆಸ್ಪತ್ರೆಗೆ ಸೇರ್ಸಿದ್ರ, ಇಲ್ಲಾ ದೇವ್ರು ಹಂಗ ಮಾಡಬಾರ್ದು, ಕೂಸು ತೀರಿಕೊಂಡಿದ್ರ, ತಪ್ಪಿಸ್ಕೊಂಡು ತಿರುಗಬ್ಯಾಡ್ರಿ. ತಕ್ಷಣ ಮೆಡಿಕಲ್ ಆಫೀಸರ್‌ಗೆ ತಿಳಿಸ್ರಿ, ಎಇಎಫ್‌ಐ (ಸೂಜಿ ಆದ ಮ್ಯಾಲ ಬಂದ ತೊಂದ್ರಿ) ವರದಿ ಹೋಗ್ಬೇಕು, ಆ ವಯಲ್‌ಗಳನ್ನ ಚೆಲ್ಲಬ್ಯಾಡ್ರಿ. ಡಾಕ್ಟರ್ ಜೋಡಿ ಆ ಮನಿಗೆ ಹೋಗಿ ಕುಂದ್ರಿ. "ಸೂಜಿಯಿಂದ ಆಗಿಲ್ಲ" ಅಂತ ವಾದ ಮಾಡಬ್ಯಾಡ್ರಿ, "ಸೂಜಿಯಿಂದಾನ ಆತು" ಅಂತಾನೂ ಬ್ಯಾಡ, ನಿಮಗ ಗೊತ್ತಿಲ್ಲ. "ಜಿಲ್ಲಾ ಕಮಿಟಿ ನೋಡ್ತೈತಿ, ಏನಂತ ಬಂತು ಅನ್ನೋದು ನಾನಾ ಬಂದು ಹೇಳ್ತೀನಿ" ಅನ್ರಿ, ವರದಿ ಬಂದಾಗ ಖರೇನ ಹೋಗಿ ಹೇಳ್ರಿ. ಓಣಿ ಮಂದಿ ಕೇಳಿದ್ರೂ ಇದೇ ಮಾತು, ಒಬ್ಬೊಬ್ರಿಗೆ ಒಂದೊಂದು ಬ್ಯಾಡ.

ಗುಳೆ ಹೋಗೋ ಮನಿ

ಸುಗ್ಗಿ ಮುಗಿದ ಮ್ಯಾಲ ಬೆಂಗಳೂರು, ಗೋವಾ, ಆಂಧ್ರದ ಕಡೆ ದುಡಿಯಾಕ ಹೋಗ್ತಾರ, ಕೂಸನ್ನೂ ಕರ್ಕೊಂಡ ಹೋಗ್ತಾರ. ಹೋಗೋ ಸುದ್ದಿ ಗೊತ್ತಾದ ಕೂಡ್ಲೆ ಬಾಕಿ ಡೋಸ್ ನೋಡ್ರಿ, ಟೈಮ್ ಆಗಿದ್ರ ಹಾಕ್ಸೇ ಕಳಿಸ್ರಿ. ತಾಯಿ ಕಾರ್ಡ್‌ನ ಎರಡೂ ಬದಿ ಫೋಟೊ ಹೊಡೆದು ಅಪ್ಪನ ಫೋನ್‌ಗೆ ಹಾಕ್ರಿ, ಯು-ವಿನ್‌ನಾಗ (ಲಸಿಕೆ ಲೆಕ್ಕ ಇಡೋ ಸರ್ಕಾರದ ಆನ್‌ಲೈನ್ ಪೋರ್ಟಲ್) ಅವ್ರ ಸರಿಯಾದ ಮೊಬೈಲ್ ನಂಬರ್ ಐತೇನು ನೋಡ್ರಿ. ಯಾವ ರಾಜ್ಯದಾಗಿದ್ರೂ ಸರ್ಕಾರಿ ಆಸ್ಪತ್ರ್ಯಾಗ ಪುಕ್ಕಟೆ ಹಾಕ್ತಾರ, ಆಧಾರ್ ಆ ಊರಿಂದಾ ಇರ್ಬೇಕು ಅಂತೇನೂ ಇಲ್ಲ ಅಂತ ಹೇಳಿ ಕಳಿಸ್ರಿ.

ತಪ್ಪಿಸ್ಕೊಂಡು ವಾಪಸ್ ಬಂದ್ರ ಬೈಬ್ಯಾಡ್ರಿ. ಮೊದಲಿಂದ ಶುರು ಮಾಡೋದೂ ಬೇಕಿಲ್ಲ, ಎಲ್ಲಿ ನಿಂತೈತೋ ಅಲ್ಲಿಂದ ಮುಂದ, ಪೆಂಟಾ ಡೋಸ್ ನಡುವ ಕಡಿಮಿ ಅಂದ್ರ ನಾಲ್ಕು ವಾರ ಬಿಟ್ಟು. ವರ್ಷ ತುಂಬೋದ್ರೊಳಗ ಒಂದು ಪೆಂಟಾ ಆಗಿದ್ರ ಉಳಿದದ್ದೂ ಪೆಂಟಾನ ಮುಗಿಸ್ಬೇಕು, ಒಂದೂ ಆಗಿಲ್ಲ, ವರ್ಷ ದಾಟೈತಿ ಅಂದ್ರ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರರ ಸೂಜಿ) ಕೊಡ್ತಾರ. ಬಿಸಿಜಿಗೆ ಒಂದು ವರ್ಷದ ತನ, ದಡಾರ-ರುಬೆಲ್ಲಾಗೆ ಐದು ವರ್ಷದ ತನ ಟೈಮ್ ಐತಿ. ವಾಪಸ್ ಬಂದ ವಾರದಾಗಾನ ಆ ಕೂಸಿನ ಹೆಸರು ಡ್ಯೂ ಲಿಸ್ಟ್‌ಗೆ ಸೇರ್ಸ್ರಿ, ಮತ್ತ ಯಾವಾಗ ಊರು ಬಿಡ್ತಾರ ಅಂತ ಅವತ್ತಾ ಕೇಳಿ ಪಕ್ಕದಾಗ ಬರ್ಕೊಳ್ರಿ.